ಗೊಬ್ಬರ ಹೆಚ್ಚಾಗಿ ಸೊರಗಿದ ತುಳಸಿ, ಕರಿಬೇವು: ಮತ್ತೆ ಚಿಗುರಿಸುವುದು ಹೇಗೆ?

ಈ ಸಂಚಿಕೆಯ ಪಾಠ ಕುಂಡದ ಗಿಡಗಳ ಬಗ್ಗೆ. ಅದರಲ್ಲೂ ಗೊಬ್ಬರ ಹೆಚ್ಚಾಗಿ ಸೊರಗಿದ ಗಿಡವನ್ನು ಉಳಿಸಿಕೊಳ್ಳುವ ಬಗ್ಗೆ.

ಸಿಡ್ನಿ, ಮೆಲ್ಬರ್ನ್‌ಗಳ ನಮ್ಮ ಕನ್ನಡ ಮನೆಗಳಲ್ಲಿ ಬೇರೆ ತೋಟ ಇರಲಿ ಇಲ್ಲದಿರಲಿ, ಹಿಂಬಾಗಿಲ ಹತ್ತಿರವೋ ಬಾಲ್ಕನಿಯಲ್ಲೋ ಎರಡು ಕುಂಡಗಳು ಇದ್ದೇ ಇರುತ್ತವೆ. ಒಂದು ತುಳಸಿ, ಇನ್ನೊಂದು ಕರಿಬೇವು. ತುಳಸಿ ಸಸಿಯನ್ನು ಹೆಲೆನ್ಸ್‌ಬರ್ಗಿಗೋ ಕ್ಯಾರಮ್ ಡೌನ್ಸಿಗೋ ದೇವಸ್ಥಾನಕ್ಕೆ ಹೋದಾಗ ಸಿಕ್ಕ ಸ್ನೇಹಿತರು ಕೊಟ್ಟಿರುತ್ತಾರೆ. ಕರಿಬೇವನ್ನು ನರ್ಸರಿಯಲ್ಲಿ ಒಳ್ಳೆಯ ಬೆಲೆ ಕೊಟ್ಟೇ ತಂದಿರುತ್ತೇವೆ. ಊರಿನಲ್ಲಿ ಬೇಲಿಯ ಪಕ್ಕ ತಾನಾಗಿ ಬೆಳೆಯುತ್ತಿದ್ದ ಗಿಡಕ್ಕೆ ಇಲ್ಲಿ ಮಗುವಿನಂಥ ಆರೈಕೆ. ಚಳಿ ಬಂದರೆ ಒಳಗೆ, ಬಿಸಿಲು ಬಂದರೆ ಹೊರಗೆ. ಇಷ್ಟು ನೋಡಿಕೊಂಡರೂ ಆಗಸ್ಟ್ ಹೊತ್ತಿಗೆ ಎಷ್ಟೋ ಮನೆಗಳ ತುಳಸಿ ಬರೀ ಕಡ್ಡಿಯಾಗಿ ನಿಂತಿರುತ್ತದೆ. "ಈ ದೇಶದ ಚಳಿಗೆ ತುಳಸಿ ಬರೋದಿಲ್ಲ" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಚಳಿಯದೂ ಪಾಲಿದೆ, ನಿಜ. ಆದರೆ ಅಂಥ ಕುಂಡವನ್ನು ಹತ್ತಿರದಿಂದ ನೋಡಿ. ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪೊರೆ, ಅಲ್ಲಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪನಾದ ಗೊಬ್ಬರದ ಗುಳಿಗೆಗಳು ಕಂಡರೆ, ಆ ಗಿಡವನ್ನು ಚಳಿಗಿಂತ ಹೆಚ್ಚಾಗಿ ಗೊಬ್ಬರವೇ ಸೊರಗಿಸಿದೆ ಎಂದು ತಿಳಿಯಬಹುದು.

ಇದು ನಡೆಯುವ ಕ್ರಮ ಹೀಗೆ. ಮೇ ತಿಂಗಳ ಕೊನೆಗೆ ಚಳಿ ಶುರುವಾಗಿ ಕರಿಬೇವಿನ ಎಲೆ ಹಳದಿಯಾಗುತ್ತದೆ, ತುಳಸಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಅದು ಗಿಡದ ವಿಶ್ರಾಂತಿ. ಬೆಂಗಳೂರಿನಲ್ಲಿ ಅತ್ಯಂತ ತಣ್ಣಗಿನ ತಿಂಗಳಲ್ಲೂ ರಾತ್ರಿಯ ಸರಾಸರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜುಲೈನಲ್ಲಿ ಸಿಡ್ನಿಯಲ್ಲಿ ಅದು ಸುಮಾರು 8, ಮೆಲ್ಬರ್ನ್‌ನಲ್ಲಿ 6-7. ಇಷ್ಟು ತಣ್ಣಗಿನ ಮಣ್ಣಿನಲ್ಲಿ ಬೇರು ಹೆಚ್ಚು ಕೆಲಸ ಮಾಡುವುದಿಲ್ಲ. ನಮಗೆ ಮಾತ್ರ ಹಳದಿ ಎಲೆ ಎಂದರೆ ಹಸಿವು. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಮ್ಮನೋ ಅತ್ತೆಯೋ "ಸ್ವಲ್ಪ ಗೊಬ್ಬರ ಹಾಕಬಾರದೇನಪ್ಪಾ, ಗಿಡ ಎಷ್ಟು ಬಡವಾಗಿದೆ" ಎನ್ನುತ್ತಾರೆ. ಒಂದು ಚಮಚ ಗುಳಿಗೆ ಬೀಳುತ್ತದೆ. ಎರಡು ವಾರವಾದರೂ ಎಲೆ ಹಸಿರಾಗದಿದ್ದರೆ ಇನ್ನೊಂದು ಚಮಚ. ಎಲೆಯ ತುದಿ ಒಣಗಿದಾಗ ಎಪ್ಸಮ್ ಸಾಲ್ಟ್ ಹಾಕಿ ಎಂದು ಯಾರೋ ಹೇಳುತ್ತಾರೆ. ಹೆಸರಲ್ಲೇ ಸಾಲ್ಟ್ ಇರುವುದು ಯಾರ ಗಮನಕ್ಕೂ ಬರುವುದಿಲ್ಲ.

ಗಿಡ ಒಣಗುವುದು ಯಾಕೆ?

ಕೋಸಂಬರಿ ಮಾಡುವವರಿಗೆ ಇದರ ಉತ್ತರ ಗೊತ್ತಿದೆ. ಹೆಸರುಬೇಳೆ, ಸೌತೆಕಾಯಿ ಬೆರೆಸಿ ಮೊದಲೇ ಉಪ್ಪು ಹಾಕಿಟ್ಟರೆ ಬಡಿಸುವ ಹೊತ್ತಿಗೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ, ಸೌತೆಕಾಯಿ ಮೆತ್ತಗಾಗಿರುತ್ತದೆ. ಅದಕ್ಕೇ ಉಪ್ಪನ್ನು ಕೊನೆಗೆ ಹಾಕುವುದು. ಮಲೆನಾಡಿನಲ್ಲಿ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟಾಗ ಅದು ನೀರು ಬಿಟ್ಟು ಸುಕ್ಕುಗಟ್ಟುವುದೂ ಇದೇ ಕಾರಣಕ್ಕೆ. ನೀರು ಯಾವಾಗಲೂ ಉಪ್ಪು ಕಡಿಮೆ ಇರುವ ಕಡೆಯಿಂದ ಉಪ್ಪು ಹೆಚ್ಚಿರುವ ಕಡೆಗೆ ಜೀವಕೋಶದ ಪೊರೆಯನ್ನು ದಾಟಿ ಹೋಗುತ್ತದೆ. ಆರೋಗ್ಯವಾದ ಗಿಡದ ಬೇರಿನ ಒಳಗೆ ಲವಣಾಂಶ ಹೊರಗಿನ ಮಣ್ಣಿನ ನೀರಿಗಿಂತ ಹೆಚ್ಚು. ಆದ್ದರಿಂದ ನೀರು ಸುಲಭವಾಗಿ ಒಳಗೆ ಬರುತ್ತದೆ.

ರಾಸಾಯನಿಕ ಗೊಬ್ಬರವೆಂದರೆ ಬಹುಪಾಲು ಲವಣಗಳೇ: ಅಮೋನಿಯಂ ನೈಟ್ರೇಟ್, ಪೊಟ್ಯಾಸಿಯಂ ಸಲ್ಫೇಟ್, ಫಾಸ್ಫೇಟ್‌ಗಳು. ಇವು ಮಣ್ಣಿನ ನೀರಿನಲ್ಲಿ ಅತಿಯಾಗಿ ಸೇರಿಕೊಂಡರೆ ಬೇರಿಗೆ ನೀರು ಎಳೆದುಕೊಳ್ಳುವುದೇ ಕಷ್ಟವಾಗುತ್ತದೆ. ಇನ್ನೂ ಹೆಚ್ಚಾದರೆ ಬೇರಿನೊಳಗಿನ ನೀರೇ ಹೊರಗೆ ಹೋಗುತ್ತದೆ. ಮಣ್ಣು ಕೈಗೆ ಒದ್ದೆ, ಗಿಡ ಮಾತ್ರ ಬಾಯಾರಿ ಬಾಡಿದೆ. ಇಲ್ಲಿಯವರು ಇದನ್ನು ಗೊಬ್ಬರ ಸುಡುವುದು ಎನ್ನುತ್ತಾರೆ. ಹಳ್ಳಿಯಲ್ಲಿ ಬೆಳೆದ ಓದುಗರಿಗೆ ಇದಕ್ಕಿಂತ ಒಳ್ಳೆಯ ಮಾತು ಗೊತ್ತಿದೆ: ಭೂಮಿ ಸವಳಾಯಿತು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟುಗಳಲ್ಲಿ ಕಾಲುವೆ ನೀರು ಬಂದ ಮೇಲೆ ಸಾವಿರಾರು ಎಕರೆ ಕಪ್ಪು ಭೂಮಿ ಸವಳು-ಜವಳಾದದ್ದನ್ನು ರಾಯಚೂರು, ಕೊಪ್ಪಳ, ಬೆಳಗಾವಿ ಕಡೆಯ ರೈತರು ಬಲ್ಲರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಬಗ್ಗೆಯೇ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ಇಲ್ಲಿನ ಮರ್ರೆ ನದಿಯ ಕಣಿವೆಯಲ್ಲೂ ನೀರಾವರಿ ಭೂಮಿಯದು ಇದೇ ಗೋಳು. ಪರಿಹಾರವೂ ಎಲ್ಲ ಕಡೆ ಒಂದೇ. ಬಸಿಗಾಲುವೆ ತೋಡಿ, ಒಳ್ಳೆಯ ನೀರು ಹಾಯಿಸಿ, ಉಪ್ಪನ್ನು ತೊಳೆದು ಹೊರಗೆ ಬಿಡಬೇಕು. ನಮ್ಮ ಕುಂಡ ಒಂದು ಪುಟ್ಟ ಸವಳು ಭೂಮಿ, ತಳದ ತೂತೇ ಅದರ ಬಸಿಗಾಲುವೆ.

"ಊರಿನಲ್ಲಿ ತುಳಸಿಕಟ್ಟೆಗೆ ಏನು ಹಾಕಿದರೂ ಗಿಡಕ್ಕೆ ಏನೂ ಆಗುತ್ತಿರಲಿಲ್ಲವಲ್ಲ" ಎಂದು ಹಿರಿಯರು ಕೇಳುವುದುಂಟು. ಕಟ್ಟೆಯ ಮಣ್ಣು ಎಷ್ಟೋ ಕಡೆ ಕೆಳಗೆ ನೆಲಕ್ಕೇ ಕೂಡಿಕೊಂಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿದು ಹೆಚ್ಚಾದದ್ದನ್ನೆಲ್ಲ ಕೆಳಕ್ಕೆ ಒಯ್ಯುತ್ತದೆ. ಬಾಲ್ಕನಿಯ ಕುಂಡಕ್ಕೆ ಮಳೆಯೂ ಬೀಳುವುದಿಲ್ಲ, ನಾವು ಹಾಕುವ ಒಂದು ತಂಬಿಗೆ ನೀರು ತಳದವರೆಗೂ ಹೋಗುವುದಿಲ್ಲ. ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಅಭಿಷೇಕದ ಹಾಲು-ಮೊಸರಿನ ತೀರ್ಥವನ್ನು ನಿತ್ಯವೂ ಕುಂಡಕ್ಕೆ ಸುರಿಯುವ ಮನೆಗಳಲ್ಲಿ ಈ ಮಾತು ನೆನಪಿರಬೇಕು. ಅದನ್ನು ಹಿತ್ತಲಿನ ಬೇರೊಂದು ಮರದ ಬುಡಕ್ಕೆ ಹಾಕಿ, ತುಳಸಿಗೆ ಶುದ್ಧ ನೀರು ಹಾಕಿದರೆ ಯಾವ ಲೋಪವೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವುದು ನಮ್ಮಲ್ಲಿ ಹಳೆಯ ರೂಢಿ. ನೆಲದ ಗಿಡಕ್ಕೆ ಅಪರೂಪಕ್ಕೊಮ್ಮೆ, ನೀರು ಬೆರೆಸಿ ಹಾಕಿದರೆ ತೊಂದರೆಯಿಲ್ಲ. ಕುಂಡದಲ್ಲಿ ಅದು ವಾಸನೆ ಬಂದು ನೊಣ ಕೂಡಿಸುತ್ತದೆ. ಊಟದಲ್ಲಿ ಉಳಿದ, ಉಪ್ಪು ಬೆರೆತ ಮಜ್ಜಿಗೆಯಂತೂ ಖಂಡಿತ ಬೇಡ.

ಗೊಬ್ಬರದ ತೊಂದರೆಯೇ ಎಂದು ತಿಳಿಯುವುದು

ಚಿಕಿತ್ಸೆಗೆ ಮೊದಲು ರೋಗ ಯಾವುದೆಂದು ಖಚಿತ ಮಾಡಿಕೊಳ್ಳಬೇಕು. ಗೊಬ್ಬರ ಹೆಚ್ಚಾದಾಗ ಎಲೆಯ ತುದಿ ಮತ್ತು ಅಂಚು ಮೊದಲು ಕಂದಾಗಿ ಕಾಗದದಂತೆ ಗರಿಗರಿಯಾಗುತ್ತದೆ, ಎಲೆಯ ನಡುಭಾಗ ಹಸಿರಾಗಿಯೇ ಇರುತ್ತದೆ. ಸಾಮಾನ್ಯವಾಗಿ ಕೆಳಗಿನ ಹಳೆಯ ಎಲೆಗಳಲ್ಲಿ ಇದು ಮೊದಲು ಕಾಣುತ್ತದೆ. ಗೊಬ್ಬರ ಹಾಕಿದ ಕೆಲವು ದಿನಗಳಲ್ಲಿಯೇ ಹೀಗಾದರೆ ಅನುಮಾನ ಗಟ್ಟಿಯಾಗುತ್ತದೆ. ಮಣ್ಣಿನ ಕುಂಡವಾದರೆ ಹೊರಮೈಯಲ್ಲೂ ಬಿಳಿ ಪೊರೆ ಕಟ್ಟಿರುತ್ತದೆ.

ಚಳಿ ತಗುಲಿದ ತುಳಸಿಯ ಎಲೆ ಬೇರೆ ತರಹ. ಒಂದೇ ರಾತ್ರಿಯಲ್ಲಿ ಮೇಲಿನ ಎಳೆಯ ಎಲೆಗಳು ಪೂರ್ತಿ ಕಪ್ಪಾಗಿ ಜೋತುಬೀಳುತ್ತವೆ. ನೀರು ಹೆಚ್ಚಾಗಿ ಬೇರು ಕೊಳೆತಿದ್ದರೆ ಕಾಂಡದ ಬುಡ ಮೆತ್ತಗಾಗಿ, ಮಣ್ಣಿನಿಂದ ಕೆಟ್ಟ ವಾಸನೆ ಬರುತ್ತದೆ. ಕರಿಬೇವಿನ ಎಲೆ ಚಳಿಗಾಲದಲ್ಲಿ ಅಂಚು ಸುಡದೆ ಒಂದೇ ಸಮನಾಗಿ ಹಳದಿಯಾಗಿ ಉದುರಿದರೆ ಏನೂ ಮಾಡಬೇಕಾಗಿಲ್ಲ. ಅಕ್ಟೋಬರ್‌ವರೆಗೆ ಕಾಯಿರಿ, ಅಷ್ಟೇ.

ಇನ್ನೂ ಖಚಿತ ಬೇಕೆನ್ನುವವರಿಗೆ ಒಂದು ಉಪಾಯ. ನೀರಿನ ಟಿಡಿಎಸ್ ಅಳೆಯುವ ಪೆನ್ನಿನಂಥ ಉಪಕರಣ ಬೆಂಗಳೂರಿನಲ್ಲಿ ಫಿಲ್ಟರ್ ಮಾರುವವರ ಜೇಬಿನಲ್ಲೆಲ್ಲ ಇರುತ್ತದೆ, ಇಲ್ಲಿಯೂ ಮೀನಿನ ತೊಟ್ಟಿ ಇಟ್ಟವರ ಹತ್ತಿರ ಸಿಗಬಹುದು. ಮೊದಲು ನಲ್ಲಿ ನೀರನ್ನು ಅಳೆಯಿರಿ. ನಂತರ ಕುಂಡಕ್ಕೆ ನೀರು ಹಾಕಿ ತಳದಿಂದ ಬಸಿದದ್ದನ್ನು ಅಳೆಯಿರಿ. ಎರಡನೆಯದು ಹತ್ತಾರು ಪಟ್ಟು ಹೆಚ್ಚಿದ್ದರೆ ಉತ್ತರ ಸಿಕ್ಕಂತೆ. ಆದರೆ ಈ ಉಪಕರಣ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಯೂರಿಯಾ ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ, ಹೊಸದಾಗಿ ಹಾಕಿದ ಯೂರಿಯಾ ಅದರ ಕಣ್ಣಿಗೆ ಬೀಳುವುದಿಲ್ಲ. ಮಣ್ಣಿನಲ್ಲಿ ಅದು ಅಮೋನಿಯಂ ಆಗಿ ಬದಲಾದ ಮೇಲಷ್ಟೇ ಕಾಣುತ್ತದೆ. ಯೂರಿಯಾ ಹಾಕಿದ್ದು ನೆನಪಿದ್ದರೆ ಉಪಕರಣವನ್ನು ನಂಬಬೇಡಿ, ತೊಳೆದೇಬಿಡಿ.

ಕುಂಡವನ್ನು ತೊಳೆಯುವ ಕ್ರಮ

ಮೊದಲು ಮಣ್ಣಿನ ಮೇಲೆ ಕಾಣುವ ಗುಳಿಗೆಗಳನ್ನೆಲ್ಲ ಆರಿಸಿ ತೆಗೆಯಿರಿ. ಬಿಳಿ ಪೊರೆಯಿದ್ದರೆ ಮೇಲಿನ ಒಂದು ಅಂಗುಲ ಮಣ್ಣನ್ನು ಹಳೆಯ ಚಮಚದಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಇದನ್ನು ಬಿಟ್ಟು ನೀರು ಹಾಕಿದರೆ ಆ ಉಪ್ಪೆಲ್ಲ ಕರಗಿ ಬೇರಿನ ಕಡೆಗೇ ಇಳಿಯುತ್ತದೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಲಿ. ಆಸ್ಟ್ರೇಲಿಯಾದ ಪಾಟಿಂಗ್ ಮಿಕ್ಸ್ ಚೀಲಗಳ ಮೇಲೆ ಎಚ್ಚರಿಕೆ ಅಚ್ಚು ಹಾಕಿರುವುದನ್ನು ನೋಡಿರುತ್ತೀರಿ. ಅದರಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಒಣ ಧೂಳಿನೊಂದಿಗೆ ಉಸಿರಿಗೆ ಹೋದರೆ ತೀವ್ರವಾದ ನ್ಯುಮೋನಿಯಾ ಬರಬಹುದು, ವಯಸ್ಸಾದವರಿಗೆ ಅಪಾಯ ಹೆಚ್ಚು. ಊರಿನಲ್ಲಿ ಬರಿಗೈಯಲ್ಲಿ ಮಣ್ಣು ಕೆದಕಿ ರೂಢಿಯಿರುವ ನಮ್ಮ ತಂದೆ-ತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕು. ಮಣ್ಣನ್ನು ಮೊದಲು ಒದ್ದೆ ಮಾಡಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆದುಕೊಳ್ಳಿ.

ಕುಂಡವನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ತಳದ ತೂತು ಮುಚ್ಚಿದೆಯೇ ನೋಡಿ, ಕಡ್ಡಿಯಿಂದ ಬಿಡಿಸಿ. ತಳದ ತಟ್ಟೆಯನ್ನು ತೆಗೆದುಬಿಡಿ.

ಈಗ ನೀರು. ಇಲ್ಲಿ ಒಂದು ಸಣ್ಣ ವಿಷಯ ಬಹಳ ಜನರಿಗೆ ತಪ್ಪಿಹೋಗುತ್ತದೆ. ಇಲ್ಲಿನ ಪಾಟಿಂಗ್ ಮಿಕ್ಸ್‌ನಲ್ಲಿ ನಿಜವಾದ ಮಣ್ಣು ಇರುವುದಿಲ್ಲ, ಬಹುಪಾಲು ಪೈನ್ ಮರದ ತೊಗಟೆಯ ಪುಡಿ. ಅದು ಒಮ್ಮೆ ಚೆನ್ನಾಗಿ ಒಣಗಿದರೆ ನೀರನ್ನು ಹಿಡಿಯದೆ ತಳ್ಳುತ್ತದೆ. ಹಾಕಿದ ನೀರು ಕುಂಡದ ಅಂಚಿನ ಸಂದಿನಿಂದ ಸರ್ರನೆ ಇಳಿದು ತಳಕ್ಕೆ ಬರುತ್ತದೆ. ನೀರು ಬಸಿಯಿತು, ಉಪ್ಪು ತೊಳೆಯಿತು ಎಂದು ನಾವು ತಿಳಿಯುತ್ತೇವೆ. ಒಳಗಿನ ಬೇರಿನ ಉಂಡೆ ಒಣಗಿಯೇ ಇರುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಒಂದೆರಡು ಲೀಟರ್ ನೀರನ್ನು ತಂಬಿಗೆಯಿಂದ ಸಣ್ಣಗೆ, ಎಲ್ಲ ಕಡೆ ಬೀಳುವಂತೆ ಹಾಕಿ ಅರ್ಧ ಗಂಟೆ ಬಿಡಿ. ಮಣ್ಣು ನೆನೆದು ಉಪ್ಪು ಕರಗಲು ಸಮಯ ಬೇಕು.

ಎಷ್ಟು ನೀರು ಬೇಕು? ಹೊಲದಲ್ಲಿ ಒಂದು ಸ್ಥೂಲ ಲೆಕ್ಕವಿದೆ. ಒಂದು ಅಡಿ ಆಳದ ಮಣ್ಣಿನಿಂದ ಅರ್ಧದಷ್ಟು ಲವಣ ತೆಗೆಯಲು ಅರ್ಧ ಅಡಿ ನೀರು ಇಂಗಬೇಕು, ಶೇಕಡ 80ರಷ್ಟು ತೆಗೆಯಲು ಒಂದು ಅಡಿ, ಶೇಕಡ 90ಕ್ಕೆ ಎರಡು ಅಡಿ. ಕುಂಡಕ್ಕೂ ಇದನ್ನೇ ಅನ್ವಯಿಸಿ, ಕುಂಡದ ಗಾತ್ರದ ಎರಡರಷ್ಟು ನೀರು ಎಂದು ಇಟ್ಟುಕೊಳ್ಳಬಹುದು. 25 ಸೆಂಟಿಮೀಟರ್ ಅಗಲದ ಸಾಮಾನ್ಯ ಕುಂಡ ಸುಮಾರು 8 ಲೀಟರ್ ಹಿಡಿಯುತ್ತದೆ. ಅದಕ್ಕೆ 16 ಲೀಟರ್, ಅಂದರೆ ಎರಡು ಬಕೆಟ್‌ಗೆ ಸ್ವಲ್ಪ ಕಡಿಮೆ. ಇದನ್ನು ಒಟ್ಟಿಗೆ ಸುರಿಯದೆ ನಾಲ್ಕು ಸುತ್ತು ಮಾಡಿ, ಪ್ರತಿ ಸುತ್ತಿನ ನಡುವೆ ಇಪ್ಪತ್ತು ನಿಮಿಷ ಬಿಡಿ. ಮೊದಲು ಬಸಿಯುವ ನೀರು ಚಹಾದ ಬಣ್ಣದಲ್ಲಿರುತ್ತದೆ, ಬರಬರುತ್ತಾ ತಿಳಿಯಾಗುತ್ತದೆ. ಬಣ್ಣ ಉಪ್ಪಿನ ಅಳತೆಯಲ್ಲ, ಆದ್ದರಿಂದ ತಿಳಿಯಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.

ಈ ಕೆಲಸಕ್ಕೆ ನಾವಿರುವ ಊರುಗಳು ಅನುಕೂಲ. ಮೆಲ್ಬರ್ನ್‌ನ ನಲ್ಲಿ ನೀರು ಹೆಚ್ಚಾಗಿ ರಕ್ಷಿತ ಕಾಡುಗಳಿಂದ ಬರುವಂಥದ್ದು, ಲವಣಾಂಶ ಬಹಳ ಕಡಿಮೆ. ಸಿಡ್ನಿಯ ನೀರೂ ಮೆದುವೇ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಇದೇ ಕೆಲಸ ಇಷ್ಟು ಚೆನ್ನಾಗಿ ಆಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. 2000ದ ದಶಕದ ಬರಗಾಲದ ವರ್ಷಗಳಲ್ಲಿ ಇಲ್ಲಿದ್ದವರಿಗೆ, ಸ್ನಾನದ ನೀರನ್ನೂ ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕಿದ ನೆನಪಿರುವವರಿಗೆ, 16 ಲೀಟರ್ ಸುರಿಯಲು ಕೈ ಹಿಂಜರಿಯಬಹುದು. ಬಸಿದ ನೀರನ್ನು ಟಬ್‌ನಲ್ಲಿ ಹಿಡಿದು ಹುಲ್ಲಿಗೆ ಹಾಕಿ, ಒಂದೇ ಕಡೆ ಸುರಿಯದೆ ಹರಡಿ. ಹುಲ್ಲು ಅದರ ಸಾರಜನಕವನ್ನು ಸಂತೋಷದಿಂದ ತೆಗೆದುಕೊಳ್ಳುತ್ತದೆ. ಬ್ಯಾಂಕ್ಸಿಯಾ, ಗ್ರೆವಿಲಿಯಾದಂಥ ಈ ನೆಲದ ಗಿಡಗಳ ಬುಡಕ್ಕೆ ಮಾತ್ರ ಹಾಕಬೇಡಿ. ಆಸ್ಟ್ರೇಲಿಯಾದ ಹಳೆಯ ಮಣ್ಣಿನಲ್ಲಿ ರಂಜಕ ಬಹಳ ಕಡಿಮೆ. ಆ ಗಿಡಗಳು ಕುಂಚದಂಥ ವಿಶೇಷ ಬೇರು ಬಿಟ್ಟು ಇದ್ದಬದ್ದ ರಂಜಕವನ್ನು ಹೀರಲು ಕಲಿತಿವೆ. ಧಾರಾಳವಾಗಿ ಕೊಟ್ಟರೆ ಹೀರುವುದನ್ನು ನಿಲ್ಲಿಸಲು ಬಾರದೆ ವಿಷವಾಗುತ್ತದೆ. ರಸ್ತೆಯ ಚರಂಡಿಗೂ ಬಿಡಬೇಡಿ, ಅದು ನೇರವಾಗಿ ಹೊಳೆಗೆ, ಸಮುದ್ರಕ್ಕೆ ಹೋಗುತ್ತದೆ.

ಚಳಿಗಾಲದಲ್ಲಿ ತೊಳೆಯುವುದಾದರೆ ಬಿಸಿಲಿರುವ ದಿನ ಮಧ್ಯಾಹ್ನದೊಳಗೆ ಮುಗಿಸಿ. ತಣ್ಣಗೆ ಕೊರೆಯುವ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ, ಕೈಗೆ ಹಿತವಾಗುವಷ್ಟು ಮಾತ್ರ. ಆಮೇಲೆ ಮೇಲಿನ ಎರಡು ಅಂಗುಲ ಒಣಗುವವರೆಗೆ ಒಂದು ಹನಿಯೂ ನೀರು ಬೇಡ. ಮೆಲ್ಬರ್ನ್‌ನ ಜುಲೈನಲ್ಲಿ ಇದಕ್ಕೆ ಎರಡು ವಾರವೂ ಹಿಡಿಯಬಹುದು. ನಿತ್ಯ ಪೂಜೆಯಲ್ಲಿ ತುಳಸಿಗೆ ನೀರೆರೆಯುವ ಪದ್ಧತಿ ಇರುವವರು ಆ ದಿನಗಳಲ್ಲಿ ಒಂದು ಉದ್ಧರಣೆ ನೀರು ಹಾಕಿದರೆ ಸಾಕು.

ಎರಡು ಸಂದರ್ಭಗಳಲ್ಲಿ ತೊಳೆಯುವುದಷ್ಟೇ ಸಾಲದು. ನಿಧಾನವಾಗಿ ಕರಗುವ ಗುಳಿಗೆಯನ್ನು ಮಣ್ಣಿನಲ್ಲೆಲ್ಲ ಕಲಸಿಬಿಟ್ಟಿದ್ದರೆ, ಇಂದು ತೊಳೆದರೂ ನಾಳೆ ಮತ್ತೆ ಉಪ್ಪು ಬಿಡುತ್ತಲೇ ಇರುತ್ತದೆ. ಗಿಡವನ್ನು ಹೊರತೆಗೆದಾಗ ಬೇರುಗಳು ಬಹಳಷ್ಟು ಕಂದಾಗಿ ಮೆತ್ತಗಿದ್ದರೂ ಹಾಗೆಯೇ. ಆಗ ಹಳೆಯ ಮಿಶ್ರಣವನ್ನು ಮೆಲ್ಲಗೆ ಕೊಡವಿ, ಬೇರನ್ನು ನೀರಿನಲ್ಲಿ ತೊಳೆದು, ಸತ್ತ ಬೇರುಗಳನ್ನು ಶುಭ್ರವಾದ ಕತ್ತರಿಯಿಂದ ಕತ್ತರಿಸಿ, ಬೇರಿನಷ್ಟೇ ಗಾತ್ರದ ಚಿಕ್ಕ ಕುಂಡಕ್ಕೆ ಬದಲಾಯಿಸಬೇಕು. ಹೊಸ ಚೀಲ ಕೊಳ್ಳುವಾಗ ಹಿಂಬದಿಯನ್ನು ಓದಿ. ಪ್ರೀಮಿಯಂ ಎಂದು ಮಾರುವ ಪಾಟಿಂಗ್ ಮಿಕ್ಸ್‌ನಲ್ಲಿ ಗೊಬ್ಬರ ಮೊದಲೇ ಬೆರೆತಿರುತ್ತದೆ. ಸುಟ್ಟ ಬೇರಿಗೆ ಅದು ಬೇಡ. ಬೀಜ ಮೊಳೆಸಲು ಮಾರುವ ಮಿಶ್ರಣವೇ ಸಾಕು.

ತೊಳೆದ ಮೇಲೆ

ಗಿಡವನ್ನು ಒಂದೆರಡು ವಾರ ಬೆಳಕು ಚೆನ್ನಾಗಿದ್ದು ನೇರ ಬಿಸಿಲು, ಗಾಳಿ ಕಡಿಮೆ ಇರುವ ಕಡೆ ಇಡಿ. ಬೇರಿನ ಶಕ್ತಿ ಕುಗ್ಗಿರುವಾಗ ಎಲೆಯಿಂದ ಹೆಚ್ಚು ನೀರು ಆರಿಹೋಗಬಾರದು. ಹೀಟರಿನ ಬಿಸಿಗಾಳಿ ಬೀಸುವ ಜಾಗವಂತೂ ಬೇಡ. ಪೂರ್ತಿ ಒಣಗಿದ ಎಲೆಗಳನ್ನು ತೆಗೆಯಿರಿ. ಅಂಚು ಸುಟ್ಟು ನಡುವೆ ಹಸಿರಾಗಿರುವ ಎಲೆಗಳನ್ನು ನೋಡಲು ಚೆನ್ನಾಗಿಲ್ಲವೆಂದು ಕೀಳಬೇಡಿ, ಗಿಡಕ್ಕೆ ಆಹಾರ ತಯಾರಾಗುವುದು ಅಲ್ಲಿಯೇ. ಸುಟ್ಟ ಭಾಗ ಮತ್ತೆ ಹಸಿರಾಗುವುದಿಲ್ಲ. ಚೇತರಿಕೆ ತಿಳಿಯುವುದು ಹೊಸ ಚಿಗುರಿನಿಂದ ಮಾತ್ರ. ಬರೀ ಕಡ್ಡಿಯಂತೆ ಕಂಡರೂ ಎಸೆಯುವ ಮೊದಲು ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ತುದಿಯಿಂದ ಕೆಳಗೆ ನೋಡುತ್ತಾ ಬಂದು, ಹಸಿರು ಸಿಕ್ಕಿದ ಕಡೆಗೆ ಸ್ವಲ್ಪ ಮೇಲೆ ಕತ್ತರಿಸಬಹುದು, ಆದರೆ ಆಗಸ್ಟ್ ಕಳೆದ ಮೇಲೆ.

ಕಾಯುವುದು ಇಲ್ಲಿ ಕಷ್ಟದ ಭಾಗ. ಬೇಸಿಗೆಯಲ್ಲಿ ತುಳಸಿ ಮೂರು-ನಾಲ್ಕು ವಾರದಲ್ಲಿ ಚಿಗುರಬಹುದು. ಚಳಿಗಾಲದಲ್ಲಿ ತೊಂದರೆಯಾದ ಗಿಡ ಸೆಪ್ಟೆಂಬರ್ ಕೊನೆಯವರೆಗೂ ಮೌನವಾಗಿರುತ್ತದೆ. ಕರಿಬೇವು ಇನ್ನೂ ನಿಧಾನ, ಕೆಲವೊಮ್ಮೆ ನವೆಂಬರ್. ಈ ನಡುವೆ ಸಮುದ್ರಪಾಚಿಯ ದ್ರಾವಣ, ವಿಟಮಿನ್, ಟಾನಿಕ್ ಎಂದು ಏನೂ ಹಾಕದಿದ್ದರೆ ಒಳ್ಳೆಯದು. ಪಾಚಿ ದ್ರಾವಣದಿಂದ ಹಾನಿಯಿಲ್ಲದಿರಬಹುದು, ಆದರೆ ಏನಾದರೂ ಹಾಕುತ್ತಲೇ ಇರಬೇಕೆಂಬ ಅಭ್ಯಾಸದಿಂದಲೇ ಅಲ್ಲವೇ ಗಿಡ ಈ ಸ್ಥಿತಿಗೆ ಬಂದದ್ದು?

ಇನ್ನೊಂದು ಮುಂಜಾಗ್ರತೆ. ತುಳಸಿಯಲ್ಲಿ ಒಂದೇ ಒಂದು ಆರೋಗ್ಯವಾದ ಕುಡಿ ಉಳಿದಿದ್ದರೂ ನಾಲ್ಕು ಅಂಗುಲದಷ್ಟು ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಲೋಟದ ನೀರಿನಲ್ಲಿ ಅಡುಗೆಮನೆಯ ಬೆಚ್ಚಗಿನ ಕಿಟಕಿಯ ಬಳಿ ಇಡಿ. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ. ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ. ಒಣಗಿದ ಕದಿರಿನ ಬೀಜವನ್ನೂ ಕಾಗದದ ಪೊಟ್ಟಣದಲ್ಲಿ ಎತ್ತಿಡಿ. ದ್ವಾದಶಿ, ಭಾನುವಾರಗಳಲ್ಲಿ ತುಳಸಿ ಕೀಳದ ಸಂಪ್ರದಾಯದವರು ಬೇರೆ ದಿನ ನೋಡಿಕೊಳ್ಳಬಹುದು, ಒಂದೆರಡು ದಿನದಲ್ಲಿ ಏನೂ ಕೆಡುವುದಿಲ್ಲ.

ಮತ್ತೆ ಗೊಬ್ಬರ: ಎಷ್ಟು, ಯಾವಾಗ?

ಹೊಸ ಚಿಗುರಿನಲ್ಲಿ ನಾಲ್ಕಾರು ಎಲೆಗಳು ಪೂರ್ತಿ ಬಿಚ್ಚಿದ ಮೇಲೆ, ಅಂದರೆ ತೊಳೆದ ಆರರಿಂದ ಎಂಟು ವಾರಗಳ ನಂತರ, ಡಬ್ಬದ ಮೇಲೆ ಹೇಳಿರುವುದರ ಕಾಲು ಭಾಗದಿಂದ ಶುರುಮಾಡಿ. ಯಾವಾಗಲೂ ಒದ್ದೆ ಮಣ್ಣಿಗೇ ಹಾಕಿ.

ಅಳತೆಯ ಅಂದಾಜಿಗೆ ಒಂದು ಲೆಕ್ಕ. ಕುಂಡದ ಗಿಡಗಳಿಗೆ ದ್ರವ ಗೊಬ್ಬರ ಕೊಡುವಾಗ ಲೀಟರ್ ನೀರಿಗೆ ಸುಮಾರು 150 ಮಿಲಿಗ್ರಾಂ ಸಾರಜನಕ ಇದ್ದರೆ ಧಾರಾಳವಾಯಿತು. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕ. ಒಂದು ಟೀ ಚಮಚ, ಅಂದರೆ ಸುಮಾರು 4 ಗ್ರಾಂ ಯೂರಿಯಾದಲ್ಲಿ 1,840 ಮಿಲಿಗ್ರಾಂ ಸಾರಜನಕ ಇರುತ್ತದೆ. ಅದು 12 ಲೀಟರ್ ನೀರಿಗೆ ಆಗುವಷ್ಟು. ಅದನ್ನು ಒಂದೇ ಕುಂಡಕ್ಕೆ, ಒಂದು ತಂಬಿಗೆ ನೀರಿನೊಂದಿಗೆ ಹಾಕಿದರೆ ಏನಾಗಬಹುದೆಂದು ನೀವೇ ಊಹಿಸಿ. ನನ್ನ ಮಟ್ಟಿಗೆ ಕುಂಡದ ತುಳಸಿಗೆ ಯೂರಿಯಾ ಬೇಡವೇ ಬೇಡ.

ಊರಿನ ತೋಟಗಾರಿಕೆ ವಿಡಿಯೋಗಳನ್ನು ನೋಡಿ ಅಳತೆ ಹಾಕುವವರು ಗಮನಿಸಬೇಕಾದದ್ದೊಂದಿದೆ. ಭಾರತದ ಚೀಲದ ಮೇಲಿನ 19-19-19 ಎಂಬ ಅಂಕಿಗಳಲ್ಲಿ ಮೊದಲನೆಯದು ಸಾರಜನಕ. ಉಳಿದೆರಡು ರಂಜಕದ, ಪೊಟ್ಯಾಷಿನ ಆಕ್ಸೈಡ್ ಲೆಕ್ಕದ್ದು. ಆಸ್ಟ್ರೇಲಿಯಾದಲ್ಲಿ ಮೂರನ್ನೂ ಶುದ್ಧ ಮೂಲಧಾತುವಿನ ಲೆಕ್ಕದಲ್ಲಿ ಬರೆಯುತ್ತಾರೆ. ಅಲ್ಲಿನ 19-19-19 ಇಲ್ಲಿನ ಲೆಕ್ಕದಲ್ಲಿ ಸುಮಾರು 19-8-16 ಆಗುತ್ತದೆ. ಹೀಗಾಗಿ ಇಲ್ಲಿನ ಡಬ್ಬದಲ್ಲಿ ರಂಜಕದ ಅಂಕಿ ಚಿಕ್ಕದಾಗಿ ಕಂಡಿತೆಂದು ಹೆಚ್ಚು ಹಾಕಬಾರದು.

ನಿಧಾನವಾಗಿ ಕರಗುವ ಗುಳಿಗೆಗಳು ಸುರಕ್ಷಿತವೆಂದು ಹೇಳುತ್ತಾರೆ, ಬಹಳ ಮಟ್ಟಿಗೆ ನಿಜವೂ ಹೌದು. ಆದರೆ ಮೂರು ತಿಂಗಳು, ಆರು ತಿಂಗಳು ಎಂದು ಬರೆದಿರುವುದು ಮಣ್ಣು ಸುಮಾರು 21 ಡಿಗ್ರಿ ಇದ್ದಾಗಿನ ಮಾತು. ಗುಳಿಗೆಯ ಹೊರಕವಚ ಶಾಖ ಹೆಚ್ಚಿದಷ್ಟೂ ಬೇಗ ಗೊಬ್ಬರ ಬಿಡುತ್ತದೆ. ಸಿಡ್ನಿಯ ಪಶ್ಚಿಮ ಭಾಗದ ಪೆನ್‌ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಯಿತು. ಅಂಥ ದಿನ ಕಾಂಕ್ರೀಟಿನ ಮೇಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗಿನ ಸ್ಥಿತಿ ಏನಿರಬೇಡ! ಬೇಸಿಗೆಯಲ್ಲಿ ತಾನಾಗಿ ತುದಿ ಸುಟ್ಟ ಗಿಡಗಳಲ್ಲಿ ಕೆಲವು ಹೀಗೆ ಆದಂಥವು. ಬಿಸಿಗಾಳಿಯ ಮುನ್ಸೂಚನೆ ಇದ್ದಾಗ ಕುಂಡವನ್ನು ನೆರಳಿಗೆ ಸರಿಸಿ, ತಳದಿಂದ ಬಸಿಯುವವರೆಗೆ ನೀರು ಹಾಕಿ.

ಸಾವಯವ ಗೊಬ್ಬರ ಎಷ್ಟು ಹಾಕಿದರೂ ಪರವಾಗಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಕೋಳಿ ಗೊಬ್ಬರದ ಗುಳಿಗೆಗಳು ಚುರುಕಾದವು, ಕುಂಡದಲ್ಲಿ ಒಂದು ಹಿಡಿ ಹಾಕಿದರೆ ಬೇರು ಸುಡುವುದು ಖಂಡಿತ. ಊರಿನಲ್ಲಿ ಸಗಣಿಯನ್ನು ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆಸಿಯೇ ಹೊಲಕ್ಕೆ ಹೊಡೆಯುತ್ತಿದ್ದರಲ್ಲವೇ? ಇಲ್ಲಿ ಬಹಳ ಜನಪ್ರಿಯವಾದ ಬ್ಲಡ್ ಆ್ಯಂಡ್ ಬೋನ್ ಎಂಬುದು ಕಸಾಯಿಖಾನೆಯ ರಕ್ತ, ಮೂಳೆಗಳ ಪುಡಿ. ತುಳಸಿಗೆ ಅದು ಬೇಡವೆನ್ನುವವರು ಸಾವಯವ ಮಿಶ್ರಣಗಳ ಚೀಲದ ಮೇಲಿನ ಸಣ್ಣಕ್ಷರವನ್ನೂ ಓದಬೇಕು, ಹಲವದರಲ್ಲಿ ಅದು ಸೇರಿರುತ್ತದೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ವರ್ಷಕ್ಕೆರಡು ಬಾರಿ ಒಂದೊಂದು ಹಿಡಿ, ಸೆಪ್ಟೆಂಬರ್ ಕೊನೆಗೆ ಒಮ್ಮೆ, ಜನವರಿಯಲ್ಲಿ ಒಮ್ಮೆ ಹಾಕಿದರೆ ಕುಂಡದ ತುಳಸಿಗೆ ಸಾಕು. ಕರಿಬೇವು ಸ್ವಲ್ಪ ಹೆಚ್ಚು ಕೇಳುತ್ತದೆ; ಅದಕ್ಕೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ತಿಂಗಳಿಗೊಮ್ಮೆ ಅರ್ಧ ಪ್ರಮಾಣದ ದ್ರವ ಗೊಬ್ಬರ ಕೊಡಬಹುದು. ಮಾರ್ಚ್ ಮುಗಿದ ಮೇಲೆ ಎರಡಕ್ಕೂ ಏನೂ ಬೇಡ. ಎರಡು ತಿಂಗಳಿಗೊಮ್ಮೆ, ಗೊಬ್ಬರ ಹಾಕಲಿ ಬಿಡಲಿ, ಕುಂಡದ ತಳದಿಂದ ಚೆನ್ನಾಗಿ ಬಸಿಯುವಷ್ಟು ನೀರು ಒಮ್ಮೆ ಹಾಯಿಸುವ ಅಭ್ಯಾಸ ಇಟ್ಟುಕೊಳ್ಳಿ.

ನಮ್ಮ ಹಬ್ಬದ ಲೆಕ್ಕಕ್ಕೂ ಇದು ಹೊಂದಿಕೊಳ್ಳುತ್ತದೆ. ಉತ್ಥಾನ ದ್ವಾದಶಿ ಊರಿನಲ್ಲಿ ಚಳಿ ಶುರುವಾಗುವ ಕಾಲ. ಇಲ್ಲಿ ಅದು ಸಾಮಾನ್ಯವಾಗಿ ನವೆಂಬರ್‌ನಲ್ಲಿ, ವಸಂತ ಮುಗಿಯುವ ಹೊತ್ತಿಗೆ ಬರುತ್ತದೆ. ಜುಲೈನಲ್ಲಿ ತೊಳೆದು ಬಿಟ್ಟ ಗಿಡ ಸೆಪ್ಟೆಂಬರ್ ಕೊನೆಗೆ ಚಿಗುರಿ, ಅಕ್ಟೋಬರ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೊರಗಿನ ಬಿಸಿಲಿಗೆ ಅಭ್ಯಾಸವಾದರೆ, ತುಳಸಿ ಹಬ್ಬಕ್ಕೆ ಪೂಜೆ ಮಾಡುವಷ್ಟು ಹಸಿರಾಗಿರುತ್ತದೆ.

ಎಲ್ಲ ಮಾಡಿದರೂ ಕೆಲವು ಗಿಡಗಳು ಉಳಿಯುವುದಿಲ್ಲ. ತುಳಸಿ ಹೇಗೂ ಕೆಲವೇ ವರ್ಷ ಬಾಳುವ ಗಿಡ, ಎರಡು-ಮೂರು ವರ್ಷವಾದ ಮೇಲೆ ಕಾಂಡ ಕಟ್ಟಿಗೆಯಾಗಿ ಬಲ ಕುಗ್ಗುತ್ತದೆ. ಒಣಗಿದ ಗಿಡವನ್ನು ಹೊಳೆಗೆ ಬಿಡುವ ಪದ್ಧತಿ ಇಲ್ಲಿ ಬೇಡ, ತೋಟದ ಮಣ್ಣಿನಲ್ಲಿಯೇ ಹೂಳಿದರೆ ಸರಿ. ಅದೇ ಕುಂಡದಲ್ಲಿ ಹೊಸ ಸಸಿ ನೆಡುವುದಾದರೆ ಹಳೆಯ ಮಿಶ್ರಣವನ್ನು ಹುಲ್ಲಿನ ಮೇಲೆ ತೆಳುವಾಗಿ ಹರಡಿಬಿಡಿ. ಕುಂಡದ ಒಳಮೈಗೆ ಅಂಟಿದ ಬಿಳಿ ಪೊರೆಯನ್ನು ವಿನೆಗರ್ ಬೆರೆಸಿದ ನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಿ. ಮಣ್ಣಿನ ಕುಂಡವಾದರೆ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಮೈಯಲ್ಲಿ ಹೀರಿಕೊಂಡ ಉಪ್ಪು ಬಿಟ್ಟುಕೊಳ್ಳುತ್ತದೆ. ಆ ನೀರನ್ನು ಚೆಲ್ಲಿ, ಕುಂಡವನ್ನು ಬಿಸಿಲಿನಲ್ಲಿ ಒಂದು ದಿನ ಒಣಗಿಸಿದ ಮೇಲೆ ಹೊಸ ಸಸಿಗೆ ಬಳಸಬಹುದು.